ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಯ ಮಣ್ಣುಗಳು

ತುಂಗಭದ್ರೆಯ ಬಲದಂಡೆಯಲ್ಲಿ, ಸಂಡೂರಿನ ಗುಡ್ಡಸಾಲಿನಿಂದ ಹೊಸಪೇಟೆ, ಹಂಪಿಗಳನ್ನು ಹಾಯ್ದು ಕಂಪ್ಲಿಯ ಹೊಳೆಬಯಲಿನವರೆಗೆ ಹಬ್ಬಿದ ಸೀಮೆ ಹೆಚ್ಚೆಂದರೆ 50 ಕಿಲೋಮೀಟರ್ ಉದ್ದದ್ದು. ಅಷ್ಟರೊಳಗೆ ಅದಿರು ಬೆರೆತ ಕೆಂಪು ಜೇಡಿ, ಗರಸು ನೆಲ, ಉಸುಕು ಕೂಡಿದ ಮಸಾರಿ, ಕಾಲಿಗೆ ಅಂಟುವ ಎರೆ, ಹೊಳೆಯ ಮೆಕ್ಕಲು, ಬಿಳಿ ಪೊರೆ ಕಟ್ಟಿದ ಸವಳು ಎಲ್ಲವೂ ಸಿಗುತ್ತವೆ. ಆಡಳಿತದ ಗೆರೆಗಳು ಇಲ್ಲಿ ಪದೇ ಪದೇ ಬದಲಾಗಿವೆ. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಮದ್ರಾಸಿಗೆ ಸೇರಿ, 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಮಣ್ಣಿನ ಲೆಕ್ಕಕ್ಕೆ ಮಾತ್ರ ನಾಲ್ಕನ್ನೂ ಒಂದೇ ಸೀಮೆಯಾಗಿ ನೋಡುವುದು ಸರಿ, ಏಕೆಂದರೆ ಮೇಲಿನ ಗುಡ್ಡದಲ್ಲಿ ಕಳಚಿದ್ದು ಕೆಳಗಿನ ಬಯಲಿಗೆ ಬಂದು ಸೇರುತ್ತದೆ.

ಇಲ್ಲಿ ಯಾವ ಮಣ್ಣನ್ನೂ ಕೆಲಸ ಕೇಳದೆ ಒಳ್ಳೆಯದು, ಕೆಟ್ಟದ್ದು ಎನ್ನಲಾಗದು. ಜೋಳ ಬೆಳೆದುಕೊಡುವ ಎರೆ ಮನೆಯ ಗೋಡೆ ಸೀಳುತ್ತದೆ. ಪೈರು ಸುಡುವ ಸವಳು ಮಾಳಿಗೆಯ ಮೇಲೆ ಹಾಸಿದರೆ ಮಳೆ ತಡೆಯುತ್ತದೆ. ಬೀಜ ಹಾಕಿದರೆ ಕೂಲಿಯೂ ಹುಟ್ಟದ ಗರಸು ನೆಲದಲ್ಲಿ ಕುರಿ ಹಿಂಡು ನೆಮ್ಮದಿಯಾಗಿರುತ್ತದೆ, ಪಾಯ ತೋಡಿದರೆ ಕಟ್ಟಡ ಅಲುಗುವುದಿಲ್ಲ. ಕಾಲುವೆಯ ನೀರು ಬಂದ ಮೇಲಂತೂ ಮಣ್ಣುಗಳ ಮೇಲು ಕೀಳೇ ಅದಲುಬದಲಾಗಿದೆ.

ಬಂಡೆ ಮತ್ತು ನೆಲ

ಸೀಮೆಯ ಅಡಿಯಲ್ಲಿ ಎರಡು ಬಗೆಯ ಶಿಲೆಗಳಿವೆ. ಸಂಡೂರಿನ ಗುಡ್ಡಗಳು ಧಾರವಾಡ ಶಿಲಾವ್ಯೂಹಕ್ಕೆ ಸೇರಿದವು. ಸುಮಾರು 270 ಕೋಟಿ ವರ್ಷ ಹಳೆಯವು. ಸ್ವಾಮಿಮಲೆ, ದೋಣಿಮಲೆ, ರಾಮಗಡ ಸಾಲುಗಳಲ್ಲಿ ಕಬ್ಬಿಣದ ಪಟ್ಟೆಗಲ್ಲು, ದೇವಗಿರಿಯ ಸುತ್ತ ಮ್ಯಾಂಗನೀಸ್, ನಡುನಡುವೆ ಪುರಾತನ ಲಾವಾದಿಂದಾದ ಹಸಿರುಗಪ್ಪು ಶಿಲೆ. ಈ ಬೆಟ್ಟಗಳನ್ನು ಕಾಲ್ನಡಿಗೆ, ಕುದುರೆಗಳಲ್ಲಿ ಸುತ್ತಿ ನಕ್ಷೆ ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ಗ್ರಂಥ ಅಚ್ಚಾದದ್ದು 1895ರಲ್ಲಿ. ಧಾರವಾಡ ಶಿಲೆಗಳಿಗೆ ಆ ಹೆಸರಿಟ್ಟವರೂ ಅವರೇ.

ಗುಡ್ಡ ಇಳಿದು ಹೊಸಪೇಟೆಯ ಕಡೆ ಬಂದರೆ ಗ್ರಾನೈಟ್. ಹಂಪಿಯ ಬಂಡೆರಾಶಿಗಳಾದದ್ದು ಈ ಶಿಲೆ ಸೀಳುಗಳ ಉದ್ದಕ್ಕೂ ಕೊಳೆತು, ಮೂಲೆಗಳು ಕರಗಿ, ನಡುಗಲ್ಲು ಮಾತ್ರ ಗುಂಡಾಗಿ ಉಳಿದುದರಿಂದ. ಹಾಗೆ ಉದುರಿದ ಹರಳು ಹರಳು ಪುಡಿಯೇ ಸುತ್ತಲ ಕೆಂಪು ಮಣ್ಣು. ಅದರಲ್ಲಿ ಉಸುಕಿನ ಪಾಲು ಹೆಚ್ಚು. ಬಂಡೆ ಎಷ್ಟು ಹತ್ತಿರವೋ ಮಣ್ಣಿನ ಆಳ ಅಷ್ಟು ಕಡಿಮೆ.

ಎತ್ತರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ರಾಮನದುರ್ಗದ ನೆತ್ತಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಹತ್ತಿರ; ಹೊಸಪೇಟೆ 480 ಮೀಟರ್ ಆಸುಪಾಸು. ಬಳ್ಳಾರಿ ಬಯಲಿನಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆಯಾದರೆ ಸಂಡೂರಿನ ಗುಡ್ಡಗಳಲ್ಲಿ ಅದಕ್ಕಿಂತ ಹೆಚ್ಚು. ಹೀಗೆ ಬಿದ್ದ ನೀರನ್ನು ಹೊರಕ್ಕೆ ಒಯ್ಯುವುದು ನಾರಿಹಳ್ಳ. ಭೀಮಗಂಡಿಯಲ್ಲಿ ಗುಡ್ಡಸಾಲನ್ನು ಸೀಳಿ ಒಳಬಂದು, ಓಬಳಗಂಡಿಯಲ್ಲಿ ಮತ್ತೊಮ್ಮೆ ಸೀಳಿ ಹೊರಬಿದ್ದು ಅದು ದರೋಜಿಯ ದಿಕ್ಕಿಗೆ ಹರಿಯುತ್ತದೆ. ಸಂಡೂರಿನ ಕಣಿವೆಯ ಮಣ್ಣು ಬಹುಪಾಲು ಈ ಹಳ್ಳವೂ ಅದರ ತೊರೆಗಳೂ ಇಳಿಜಾರಿನಿಂದ ತಂದು ಹಾಸಿದ್ದು.

ಮಣ್ಣಿನ ಬಗೆಗಳು

ಗುಡ್ಡದಿಂದ ಹಳ್ಳದ ಕಡೆಗೆ ಒಂದು ಗೆರೆ ಎಳೆದು ಅದರ ಮೇಲೆ ನಡೆದರೆ ಮಣ್ಣು ಒಂದು ಕ್ರಮದಲ್ಲಿ ಬದಲಾಗುತ್ತ ಹೋಗುತ್ತದೆ. ನೆತ್ತಿಯಲ್ಲಿ ಜಂಬಿಟ್ಟಿಗೆಯ ಗಟ್ಟಿ ಪದರ. ಮಣ್ಣು ಗೇಣುದ್ದವೂ ಇಲ್ಲ. ಇಳಿಜಾರಿನಲ್ಲಿ ಕಲ್ಲುಚೂರು ತುಂಬಿದ ಗರಸು. ಅಡಿವಾರದಲ್ಲಿ ಕೆಂಪು ಜೇಡಿ ಕೂಡಿದ ಗೋಡು. ಇನ್ನೂ ಕೆಳಗೆ ಮಸಾರಿ. ತಗ್ಗಿನಲ್ಲಿ ಎರೆ.

ಒಂದೇ ಬಂಡೆಯ ಮೇಲೆ ಕೆಂಪೂ ಕಪ್ಪೂ ಎರಡೂ ಮಣ್ಣು ಹೇಗೆ ಹುಟ್ಟುತ್ತವೆ ಎಂಬುದು ಮಣ್ಣಿನ ವಿಜ್ಞಾನದ ಹಳೆಯ ಪ್ರಶ್ನೆ. ಉತ್ತರ ನೀರಿನ ಓಟದಲ್ಲಿದೆ. ದಿಬ್ಬದ ಮೇಲೆ ಬಿದ್ದ ಮಳೆ ಸುಣ್ಣ, ಮೆಗ್ನೀಸಿಯಂ, ಸೋಡಿಯಂಗಳನ್ನು ತೊಳೆದು ಕೆಳಗೆ ಒಯ್ಯುತ್ತದೆ. ಮೇಲೆ ಉಳಿಯುವುದು ತುಕ್ಕು ಹಿಡಿದ ಕಬ್ಬಿಣ, ಉಸುಕು ಮತ್ತು ಉಬ್ಬದ ಜೇಡಿ. ತೊಳೆದುಹೋದ ಲವಣಗಳು ತಗ್ಗಿನಲ್ಲಿ ನಿಂತು, ಬಿಸಿಲಿಗೆ ನೀರು ಆರಿ, ನೀರು ಕುಡಿದರೆ ಉಬ್ಬುವ ಬಗೆಯ ಜೇಡಿಯನ್ನು ಹುಟ್ಟಿಸುತ್ತವೆ. ಅದೇ ಎರೆ. ಕಪ್ಪು ಲಾವಾ ಶಿಲೆ ಇರುವಲ್ಲಿ ತಗ್ಗು ಬೇಕೆಂದೂ ಇಲ್ಲ. ಶಿಲೆಯಲ್ಲೇ ಸುಣ್ಣದ ಅಂಶ ಬೇಕಾದಷ್ಟಿರುತ್ತದೆ. ತೋರಣಗಲ್ಲು ದಾಟಿ ಬಳ್ಳಾರಿ, ಸಿರುಗುಪ್ಪಗಳ ಕಡೆ ಸಾಗಿದಷ್ಟೂ ಎರೆಯ ಹರವು ಹೆಚ್ಚುತ್ತದೆ.

ಎರೆಯಲ್ಲಿ ಜೇಡಿಯ ಪಾಲು ನೂರಕ್ಕೆ 40ರಿಂದ 60, ಕೆಲವೆಡೆ ಇನ್ನೂ ಹೆಚ್ಚು. ಬೇಸಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕಿನ ಆಳ ಒಂದು ಮೀಟರ್ ಮುಟ್ಟುವುದುಂಟು. ಮೇಲಿನ ಹುಡಿ ಬಿರುಕಿಗೆ ಉದುರಿ, ಮಳೆ ಬಂದಾಗ ಒಳಗಿನಿಂದ ಉಬ್ಬಿ ಮೇಲೇಳುವುದರಿಂದ ಎರೆ ತನ್ನನ್ನು ತಾನೇ ನಿಧಾನವಾಗಿ ಉತ್ತುಕೊಳ್ಳುತ್ತದೆ ಎನ್ನಬಹುದು. ಆಳದಲ್ಲಿ ಸುಣ್ಣದ ಹರಳುಗಳು ಸಿಗುತ್ತವೆ. ಕ್ಷಾರಮಾನ 8ರ ಮೇಲೆ. ಮಸಾರಿಯ ಗುಣ ಇದಕ್ಕೆ ತಿರುವುಮುರುವು: ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ, ಮೇಲೆ ತೆಳು ಹೆಪ್ಪು ಕಟ್ಟುತ್ತದೆ, ಸಾರಜನಕವೂ ಸಾವಯವ ಅಂಶವೂ ಕಡಿಮೆ.

ಹೊಳೆಯ ಅಂಚಿನ ಬುಕ್ಕಸಾಗರ, ವೆಂಕಟಾಪುರ, ರಾಮಸಾಗರ, ಕಂಪ್ಲಿಗಳ ಮೆಕ್ಕಲು ಮೂರನೆಯ ಬಗೆ. ತುಂಗಭದ್ರೆ ಮಲೆನಾಡಿನಿಂದ ಹೊತ್ತು ತಂದ ನಯಮಣ್ಣು, ಗ್ರಾನೈಟಿನ ಉಸುಕು, ಎರೆಯ ಜೇಡಿ ಇಲ್ಲಿ ಪದರ ಪದರವಾಗಿ ಕೂಡಿವೆ. ಎರೆಯಷ್ಟು ಬಿಗಿಯೂ ಅಲ್ಲ, ಮಸಾರಿಯಷ್ಟು ಸಡಿಲವೂ ಅಲ್ಲ. ಈ ಸೀಮೆಯಲ್ಲಿ ಯಾವ ಬೆಳೆಗೂ ಒಲ್ಲೆ ಎನ್ನದ ಮಣ್ಣು ಇದೊಂದೇ. ದುರದೃಷ್ಟಕ್ಕೆ ಅದರ ಹರವು ತೀರ ಕಡಿಮೆ.

ಮಳೆಯಾಶ್ರಿತ ಬೇಸಾಯ

ಒಂದು ಮೀಟರ್ ಆಳದ ಎರೆ ಪೈರಿಗೆ ದಕ್ಕುವ 150ರಿಂದ 200 ಮಿಲಿಮೀಟರಿನಷ್ಟು ಹಸಿಯನ್ನು ಹಿಡಿದಿಡಬಲ್ಲದು. ಮಸಾರಿಗೆ ಅದರ ಅರ್ಧವೂ ಕಷ್ಟ. ಇಡೀ ಸೀಮೆಯ ಬೆಳೆ ಪದ್ಧತಿ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಮಸಾರಿ ಹೊಲ ಮುಂಗಾರಿಗೆ ಸೇರಿದ್ದು. ಮೊದಲ ಹದ ಮಳೆಗೆ ಕುಂಟೆ ಹೊಡೆದು, ಕೂರಿಗೆ ಹಿಡಿದು ಬಿತ್ತಬೇಕು. ಎರಡು ವಾರ ಮಳೆ ಕೈಕೊಟ್ಟರೆ ಪೈರು ಬಾಡುತ್ತದೆ. ಶೇಂಗಾ, ಸಜ್ಜೆ, ನವಣೆ, ತೊಗರಿ, ಹುರುಳಿ, ಔಡಲ ಇಲ್ಲಿನ ಹಳೆಯ ಬೆಳೆಗಳು. ಈಚಿನ ದಶಕಗಳಲ್ಲಿ ಸಂಡೂರಿನ ಕಡೆ ಮೆಕ್ಕೆಜೋಳ ಇವುಗಳಲ್ಲಿ ಹಲವನ್ನು ಬದಿಗೆ ಸರಿಸಿದೆ. ಶೇಂಗಾಕ್ಕೆ ಮಸಾರಿ ಒಗ್ಗುವುದಕ್ಕೆ ಕಾರಣ ಸರಳ. ಹೂವಿನ ಮೊನೆ ನೆಲದೊಳಗೆ ಇಳಿಯಬೇಕು, ಕಾಯಿ ಕೀಳುವಾಗ ಮಣ್ಣು ಬಿಟ್ಟುಕೊಡಬೇಕು. ಎರೆಯಲ್ಲಿ ಎರಡೂ ಕಷ್ಟ.

ಎರೆ ಹೊಲದ ಲೆಕ್ಕ ಬೇರೆ. ಮುಂಗಾರಿನಲ್ಲಿ ಅದರೊಳಗೆ ಎತ್ತನ್ನೂ ಇಳಿಸಲಾಗದಷ್ಟು ಕೆಸರು. ಆದ್ದರಿಂದ ಮಳೆಗಾಲವಿಡೀ ಹೊಲ ಬರಿದಾಗಿಟ್ಟು, ಕಳೆ ಹರಗಿ, ನೆಲದ ತುಂಬ ಹಸಿ ಕೂಡಿಸಿಕೊಂಡು, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿಂಗಾರಿ ಬಿತ್ತುತ್ತಾರೆ. ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಒಳಹಸಿಯಲ್ಲೇ ಜೋಳ ತೆನೆ ಕಟ್ಟುತ್ತದೆ. ಎರೆಯ ಪೀಡೆ ಕರಿಕೆ. ಅದರ ಬೇರು ಆಳಕ್ಕೆ ಹೋಗಿ ಕೂತರೆ ಸಾಮಾನ್ಯ ಕುಂಟೆಗೆ ಬಗ್ಗುವುದಿಲ್ಲ. ಹಿಂದಿನವರು ಹಲವು ಜೋಡಿ ಎತ್ತು ಹೂಡಿ ದೊಡ್ಡ ನೇಗಿಲು ಹೊಡೆಯುತ್ತಿದ್ದರು, ಈಗ ಟ್ರ್ಯಾಕ್ಟರ್.

ಬರದ ಜಿಲ್ಲೆ ಎಂದು ಹೆಸರಾದ ಬಳ್ಳಾರಿಯಲ್ಲಿ ಮಣ್ಣಿನ ಸಂಶೋಧನೆ ಬೇಗ ಆರಂಭವಾದದ್ದು ಸಹಜವೇ. ಹಗರಿಯ ಕೃಷಿ ಕೇಂದ್ರ 1906ರದು; 1930ರ ದಶಕದಲ್ಲಿ ದೇಶದ ಒಣಬೇಸಾಯ ಪ್ರಯೋಗಕ್ಕೆ ಆಯ್ದ ಐದು ಸ್ಥಳಗಳಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹತಕ್‌ಗಳ ಜೊತೆ ಹಗರಿಯೂ ಇತ್ತು. ಎರೆ ನೆಲದ ಕೊಚ್ಚಣೆ ಅಭ್ಯಸಿಸಲು ಬಳ್ಳಾರಿಯಲ್ಲಿ 1954ರಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನ ಕೇಂದ್ರ ತೆರೆಯಿತು. ಆ ಕೇಂದ್ರದ ಅನುಭವದಿಂದ ಸ್ಪಷ್ಟವಾದ ಒಂದು ಸಂಗತಿ ಮುಖ್ಯ. ಕೆಂಪು ನೆಲದಲ್ಲಿ ಯಶಸ್ವಿಯಾದ ಸಮಪಾತಳಿ ಒಡ್ಡು ಆಳವಾದ ಎರೆಯಲ್ಲಿ ಸೋಲುತ್ತದೆ. ಒಡ್ಡಿನ ಹಿಂದೆ ನೀರು ಇಂಗದೆ ದಿನಗಟ್ಟಲೆ ನಿಂತು ಪೈರು ಕೊಳೆಯುತ್ತದೆ. ಬೇಸಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು, ಮುಂದಿನ ಮಳೆಗೆ ಆ ಬಿರುಕಿನಲ್ಲೇ ಒಡೆಯುತ್ತದೆ. ಎರೆಗೆ ಬೇಕಾದದ್ದು ನೀರನ್ನು ಮೆಲ್ಲಗೆ ಬದಿಗೆ ಸಾಗಿಸುವ ಇಳಿಜಾರು ಒಡ್ಡು. ಒಂದೇ ನಮೂನೆಯ ಒಡ್ಡನ್ನು ಊರೂರಿಗೂ ಹಾಕಿಸಿದ ಸರ್ಕಾರಿ ಕಾಮಗಾರಿಗಳು ಈ ಪಾಠವನ್ನು ಕೆಡವಿಸಿಕೊಂಡೇ ಕಲಿತವು.

ಗೊಬ್ಬರದ ಮಾತು ಬಂದಾಗ ಕೆರೆಗೋಡನ್ನು ಬಿಡುವಂತಿಲ್ಲ. ಕೆರೆ ಬತ್ತಿದಾಗ ಅದರ ತಳದ ನಯಮಣ್ಣನ್ನು ಗಾಡಿಗಳಲ್ಲಿ ಹೇರಿ ಮಸಾರಿ ಹೊಲಕ್ಕೆ ಹಾಕುವುದು ಹಳೆಯ ರೂಢಿ. ಪೋಷಕಾಂಶ ಒಂದು ಲಾಭ. ಮಸಾರಿಗೆ ಇಲ್ಲದ ಜೇಡಿ ದಕ್ಕಿ ಹಸಿ ಹಿಡಿಯುವ ಶಕ್ತಿ ಹೆಚ್ಚುವುದು ಅದಕ್ಕಿಂತ ದೊಡ್ಡದು. ಅದೇ ಗೋಡನ್ನು ಎರೆಗೆ ಹಾಕಿದರೆ ಹೆಚ್ಚಿನ ಉಪಯೋಗವಿಲ್ಲ.

ಕಾಲುವೆ ಬಂದ ಮೇಲೆ

ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಗಳನ್ನು ಒಟ್ಟಿ ತೆಗೆಸಿದ ಕಾಲುವೆಗಳು ಇಂದಿಗೂ ಹರಿಯುತ್ತಿವೆ: ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತು, ರಾಮಸಾಗರ, ಕಂಪ್ಲಿ. ಬಸವಣ್ಣ ಕಾಲುವೆಯ ಅಣೆ ಕೃಷ್ಣದೇವರಾಯನ ಕಾಲದ್ದು, 1521ರದೆಂದು ಶಾಸನ ಹೇಳುತ್ತದೆ. ಆ ಅಣೆ ಈಗ ತುಂಗಭದ್ರಾ ಜಲಾಶಯದ ತಳದಲ್ಲಿ ಮುಳುಗಿದೆ. ಈ ಕಾಲುವೆಗಳು ಹೊಳೆಯ ಮಗ್ಗುಲಲ್ಲೇ, ಬಂಡೆಗಳ ನಡುವೆ ತಗ್ಗಿನ ನೆಲ ಹುಡುಕಿಕೊಂಡು ಹೋಗುತ್ತವೆ. ನೀರುಣ್ಣುವ ನೆಲ ಹೆಚ್ಚಾಗಿ ಮೆಕ್ಕಲು ಮತ್ತು ಉಸುಕು ಬೆರೆತ ಗೋಡು. ಹೆಚ್ಚಾದ ನೀರು ಗದ್ದೆಯಿಂದ ಗದ್ದೆಗೆ ಇಳಿದು ಮತ್ತೆ ಹೊಳೆ ಸೇರುತ್ತದೆ. ಐದು ಶತಮಾನ ಬಾಳೆ, ಕಬ್ಬು, ಭತ್ತ, ತೆಂಗು ಬೆಳೆದರೂ ಆ ನೆಲ ಬಹುಮಟ್ಟಿಗೆ ಕೆಡದೆ ಉಳಿದಿರುವುದಕ್ಕೆ ಈ ಬಸಿಯುವ ಗುಣವೇ ಮುಖ್ಯ ಕಾರಣವೆಂದು ತೋರುತ್ತದೆ. ಹಂಪಿ, ಕಮಲಾಪುರದ ಬಾಳೆತೋಟಗಳನ್ನು ನೋಡಿದವರಿಗೆ ಇದು ಗೊತ್ತು; ಬಾಳೆ ನೀರು ಬೇಡುತ್ತದೆ, ನಿಂತ ನೀರನ್ನು ಸಹಿಸುವುದಿಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ಈಚೆಗೆ ಈ ಕಾಲುವೆಗಳಿಗೆ ಕಾಂಕ್ರೀಟ್ ಹೊದಿಸಿ ದುರಸ್ತಿ ಮಾಡಲಾಗಿದೆ. ಸೋರಿಕೆ ತಗ್ಗುತ್ತದೆ, ನಿಜ. ಆ ಸೋರಿಕೆಯನ್ನೇ ನಂಬಿದ್ದ ಬದಿಯ ಬಾವಿ, ತೋಟಗಳ ಲೆಕ್ಕವನ್ನೂ ಹಾಕಬೇಕು.

ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳ ಕಥೆ ಬೇರೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತಿತು. ಬಲದಂಡೆ ಕೆಳಮಟ್ಟದ ಕಾಲುವೆ ಹೊಸಪೇಟೆ, ಕಂಪ್ಲಿ, ಬಳ್ಳಾರಿ, ಸಿರುಗುಪ್ಪ ಸೀಮೆಗಳ ಮೂಲಕ ಆಂಧ್ರದ ಕಡೆ ಸಾಗುತ್ತದೆ. ಮೇಲ್ಮಟ್ಟದ ಕಾಲುವೆ ಪಾಪಿನಾಯಕನಹಳ್ಳಿಯ ಬಳಿ ಗುಡ್ಡದೊಳಗಿನ ಸುರಂಗ ಹಾಯ್ದು ಬಯಲಿಗೆ ಇಳಿಯುತ್ತದೆ. ಹೊಳೆಯಿಂದ ದೂರದ, ಎತ್ತರದ ಎರೆ ಹೊಲಗಳಿಗೆ ಮೊದಲ ಬಾರಿ ನೀರು ತಲುಪಿತು. ಯೋಜನೆ ಮಾಡಿದವರಿಗೆ ಎರೆಯ ಸ್ವಭಾವ ತಿಳಿಯದೇ ಇರಲಿಲ್ಲ. ಮದ್ರಾಸ್ ಆಡಳಿತ ಅಣೆಕಟ್ಟಿಗೂ ಮೊದಲೇ ಸಿರುಗುಪ್ಪದಲ್ಲಿ ಎರೆಗೆ ನೀರು ಹಾಯಿಸಿದರೆ ಏನಾದೀತೆಂದು ಪರೀಕ್ಷೆ ಮಾಡಿಸಿತ್ತು. ಆದ್ದರಿಂದಲೇ ನೀರಿನ ಹೆಚ್ಚು ಪಾಲನ್ನು ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗೆ ಮೀಸಲಿಟ್ಟು, ಭತ್ತಕ್ಕೆ ಸಣ್ಣ ಭಾಗ ಮಾತ್ರ ಗೊತ್ತುಮಾಡಿದರು. ಕಾಗದದ ಮೇಲಿನ ಈ ಹಂಚಿಕೆ ಹೊಲದಲ್ಲಿ ನಿಲ್ಲಲಿಲ್ಲ. ಕಾಲುವೆಯ ತಲೆಭಾಗದವರು ಎರಡು ಬೆಳೆ ಭತ್ತ ನಾಟಿ ಮಾಡಿದರು, ಕೊನೆಭಾಗದವರು ಒಣಗಿದ ಕಾಲುವೆ ನೋಡಿದರು.

ಫಲ ಸವಳು ಜವಳು. ಎರೆಯ ಅಡಿಯಲ್ಲಿ ಮೊದಲಿನಿಂದಲೂ ಲವಣವಿತ್ತು. ಮಳೆಯಾಶ್ರಿತ ಬೇಸಾಯದಲ್ಲಿ ಅದು ಆಳದಲ್ಲೇ ಮಲಗಿತ್ತು. ನಿಂತ ನೀರಿನಿಂದ ಅಂತರ್ಜಲ ಏರಿದಾಗ ಅದರ ಜೊತೆ ಉಪ್ಪೂ ಏರಿತು. ನೀರು ಬಿಸಿಲಿಗೆ ಹಾರಿತು, ಉಪ್ಪು ನೆಲದ ಮೇಲೆ ಉಳಿಯಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ನೆಲ 90 ಸಾವಿರ ಹೆಕ್ಟೇರಿಗೂ ಹೆಚ್ಚೆಂಬ ಅಂದಾಜಿದೆ. ಅದರಲ್ಲಿ ಬಹುಪಾಲು ಎಡದಂಡೆಯ ಗಂಗಾವತಿ, ಸಿಂಧನೂರುಗಳ ಕಡೆಯದು. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರ ಈ ನೆಲಗಳ ಚಿಕಿತ್ಸೆಯನ್ನೇ ಮುಖ್ಯ ಕೆಲಸವಾಗಿ ಇಟ್ಟುಕೊಂಡಿದೆ. ಚಿಕಿತ್ಸೆ ಎರಡು ಬಗೆ. ಬರೀ ಉಪ್ಪಾದರೆ ಬಸಿಗಾಲುವೆ ತೆಗೆದು ಸಿಹಿನೀರು ಹಾಯಿಸಿ ತೊಳೆಯಬಹುದು. ಸೋಡಿಯಂ ಜೇಡಿಗೇ ಅಂಟಿ, ಕ್ಷಾರಮಾನ 8.5 ದಾಟಿದ್ದರೆ ಮೊದಲು ಜಿಪ್ಸಂ ಹಾಕಿ ಸೋಡಿಯಂ ಬಿಡಿಸಬೇಕು, ಡಯಾಂಚದಂಥ ಹಸಿರೆಲೆ ಗೊಬ್ಬರ ಉಳಬೇಕು, ಆಮೇಲೆ ತೊಳೆಯಬೇಕು. ಬಸಿಯಲು ದಾರಿಯಿಲ್ಲದೆ ಎಷ್ಟು ಜಿಪ್ಸಂ ಸುರಿದರೂ ದಂಡ.

ನೀರು ಬಂದ ಮೇಲೆ ಅತಿ ಹೆಚ್ಚು ಲಾಭ ಪಡೆದದ್ದು, ಹಿಂದೆ ಎರೆಯ ಮುಂದೆ ಬೆಲೆಯಿಲ್ಲದಿದ್ದ ಮಸಾರಿ. ಬಸಿಯುತ್ತದೆ, ಬೇಗ ಹದಕ್ಕೆ ಬರುತ್ತದೆ, ತರಕಾರಿ, ಮೆಣಸಿನಕಾಯಿ, ಬಾಳೆ ಯಾವುದಕ್ಕೂ ಆದೀತು. ಒಂದು ಮಳೆಗಾಲವನ್ನೂ ನೆನಪಿಟ್ಟುಕೊಳ್ಳಲಾರದ ಮಣ್ಣಿಗೆ ಕೊಳವೆಬಾವಿ, ಹನಿನೀರಾವರಿಗಳು ಆಸರೆಯಾದವು.

ಮನೆ, ಮಾಳಿಗೆ, ಒಡ್ಡು

ಕಟ್ಟಡಕ್ಕೆ ಬಂದರೆ ಮೆಚ್ಚುಗೆ ಪಡೆಯುವುದು ಗರಸು. ಸಂಡೂರು, ಹೊಸಪೇಟೆಯ ಹಳೆಯ ಊರುಗಳು ಸಾಮಾನ್ಯವಾಗಿ ದಿಬ್ಬದ ಮೇಲೆ, ಬೇಸಾಯಕ್ಕೆ ಬಾರದ ಮೊರಂ ನೆಲದಲ್ಲಿ ಕೂತಿವೆ. ಎರಡು ಮೂರು ಅಡಿ ತೋಡಿದರೆ ಗಟ್ಟಿ ನೆಲ; ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬೇಸಗೆಯಲ್ಲಿ ಕುಗ್ಗುವುದಿಲ್ಲ. ಹಗೇವು ತೋಡಿ ವರ್ಷಗಟ್ಟಲೆ ಜೋಳ ಕಾಪಿಡುತ್ತಿದ್ದುದೂ ಇಂಥ ನೀರು ಜಿನುಗದ ಗಟ್ಟಿ ನೆಲದಲ್ಲಿಯೇ. ಹಂಪಿಯಲ್ಲಿ ಇನ್ನೂ ಸುಲಭ: ದೇವಾಲಯಗಳೂ ಕೋಟೆಗಳೂ ನೇರ ಬಂಡೆಯ ಮೇಲೆಯೇ ನಿಂತಿವೆ. ಕೋಟೆಗೋಡೆಯಲ್ಲಿ ಕಲ್ಲು ಕಾಣುವುದು ಹೊರ ಒಳ ಮುಖಗಳಲ್ಲಿ. ನಡುವೆ ಒತ್ತಿ ತುಂಬಿದ್ದು ಮಣ್ಣು ಮತ್ತು ಕಲ್ಲುಚೂರು. ಸಾಮ್ರಾಜ್ಯದ ವೈಭವದ ಬಗ್ಗೆ ಬರೆದವರು ಈ ಮಣ್ಣಿನ ಪಾಲನ್ನು ಹೇಳುವುದು ವಿರಳ.

ಎರೆಯ ಮೇಲೆ ಮನೆ ಕಟ್ಟುವವರ ಪಾಡು ಬೇರೆ. ನೆಲ ಎಲ್ಲೆಡೆ ಒಂದೇ ಸಮ ಉಬ್ಬಿದರೆ ತೊಂದರೆಯಿಲ್ಲ. ಆದರೆ ಅದು ಮನೆಯ ನಡುವೆ ಒಣಗಿದ್ದು, ಅಂಚಿನಲ್ಲಿ ನೆನೆದಿರುತ್ತದೆ. ಅಂಚು ಏರುತ್ತದೆ, ನಡು ಏರುವುದಿಲ್ಲ, ಗೋಡೆ ಓರೆಯಾಗಿ ಸೀಳುತ್ತದೆ. ಹಗುರ ಮನೆಗೆ ಈ ಕಾಟ ಹೆಚ್ಚು, ಏಕೆಂದರೆ ಉಬ್ಬುವ ಮಣ್ಣನ್ನು ಅದುಮಿಡುವಷ್ಟು ಭಾರ ಅದಕ್ಕಿಲ್ಲ. ಎರೆಯನ್ನು ತೋಡಿ ತೆಗೆದು ಉಸುಕು, ಮೊರಂ ತುಂಬುವುದು ಹಳ್ಳಿಯ ಮೇಸ್ತ್ರಿಗಳ ಉಪಾಯ. ಇಂಜಿನಿಯರುಗಳದು ಬುಡ ಅಗಲಿಸಿದ ಕಾಂಕ್ರೀಟ್ ಕಂಬವನ್ನು ಬಿರುಕಿನ ಆಳಕ್ಕಿಂತ ಕೆಳಗೆ ಇಳಿಸಿ, ಮೇಲೆ ತೊಲೆ ಕಟ್ಟುವ ವಿಧಾನ. ಎರೆಯಲ್ಲಿ ಹಾಯುವ ಕಾಲುವೆಗಳ ಹೊದಿಕೆ ಒಡೆಯುವ ಸಮಸ್ಯೆಗೆ ಮುಂಬಯಿ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ಕಂಡುಕೊಂಡ ಪರಿಹಾರಕ್ಕೆ ಕರ್ನಾಟಕದ ನಂಟಿದೆ: ಎರೆಗೂ ಹೊದಿಕೆಗೂ ನಡುವೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ದಪ್ಪ ಪದರ ಕೂಡಿಸುವುದು. ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಗೆ ಬಂತು. ಆ ಪದರಕ್ಕೆ ಬೇಕಾಗುವುದು ಗುಡ್ಡದ ಕೆಂಪು ಮೊರಮ್ಮೇ.

ಬಳ್ಳಾರಿ ಸೀಮೆಯ ಮಾಳಿಗೆ ಮನೆಗಳಲ್ಲಿ ಸವಳಿನ ಮರ್ಯಾದೆ ಕಾಣಬಹುದು. ತೊಲೆ, ಜಂತೆ, ಮೇಲೆ ಸೊಪ್ಪು ಇಲ್ಲವೆ ಚಾಪೆ, ಅದರ ಮೇಲೆ ಮಣ್ಣಿನ ದಪ್ಪ ಮುದ್ದೆ, ಕೊನೆಗೆ ಸವಳು ಮಣ್ಣಿನ ಪದರ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸ ಸವಳು ಹಾಕಿ ಬಡಿಯುತ್ತಿದ್ದರು. ಹೊಲದಲ್ಲಿ ನೀರು ಇಂಗಗೊಡದ ಸೋಡಿಯಂ ಮಾಳಿಗೆಯ ಮೇಲೂ ಅದನ್ನೇ ಮಾಡುತ್ತದೆ: ಮೊದಲ ಹನಿಗೆ ಜೇಡಿಯ ಕಣಗಳು ಒಂದಕ್ಕೊಂದು ಬಿಟ್ಟು ಹರಡಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಉಳಿದ ನೀರು ಜಾರಿ ಹೋಗುತ್ತದೆ. ರಸಾಯನಶಾಸ್ತ್ರದ ಹೆಸರು ತಿಳಿಯದೆಯೇ ಊರಿನವರು ಈ ಗುಣ ಬಲ್ಲವರಾಗಿದ್ದರು. ಸಿಮೆಂಟ್ ಸ್ಲ್ಯಾಬ್ ಬಂದ ಮೇಲೆ ಸವಳಿಗೆ ಈ ಗಿರಾಕಿ ತಪ್ಪಿದೆ.

ಇಟ್ಟಿಗೆಗೆ ಹೊಳೆಬಯಲಿನ ಮೆಕ್ಕಲು ಹೊಂದುತ್ತದೆ. ಬರೀ ಎರೆಯ ಇಟ್ಟಿಗೆ ಒಣಗುವಾಗಲೇ ಸೀಳುವುದರಿಂದ ಉಸುಕು, ಕೆಂಪು ಮಣ್ಣು ಬೆರೆಸಬೇಕು. ಕುಡತಿನಿಯ ಶಾಖೋತ್ಪನ್ನ ಸ್ಥಾವರದಿಂದ ಬರುವಂಥ ಹಾರುಬೂದಿಯೂ ಆದೀತು. ಸುಟ್ಟ ಜೇಡಿಯ ದೊಡ್ಡ ಬಳಕೆಗೆ ಉದಾಹರಣೆ ತುಂಗಭದ್ರಾ ಅಣೆಕಟ್ಟೇ. ಅದರ ಕಲ್ಲುಗಾರೆಯಲ್ಲಿ ಸುಣ್ಣದ ಜೊತೆ ಬೆರೆಸಿದ್ದು ಸುರ್ಕಿ, ಅಂದರೆ ಸುಟ್ಟ ಮಣ್ಣಿನ ಪುಡಿ.

ಮಣ್ಣಿನ ಒಡ್ಡಿನ ಹಳೆಯ ನಿದರ್ಶನ ಹೊಸಪೇಟೆಯ ದಕ್ಷಿಣಕ್ಕೆ ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯ ಕಟ್ಟಿಸಿದ ರಾಯಕೆರೆಯ ಏರಿ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಂತೆ ಜೋವಾವೊ ದೆಲ್ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನ ನೆರವು ಅದಕ್ಕೆ ದೊರೆತಿತ್ತು, ಏರಿ ಮತ್ತೆ ಮತ್ತೆ ಒಡೆದಿತ್ತು, ಬಲಿಯನ್ನೂ ಕೊಡಲಾಯಿತು. ಕೆರೆಯಲ್ಲಿ ನೀರು ನಿಲ್ಲುವುದು ತಪ್ಪಿದ ಮೇಲೆ ಅದರ ಅಂಗಳ ಹೊಲವಾಯಿತು.

ಹೊಸ ಅಣೆಕಟ್ಟಿಗೆ ಕಾಟ ಹೂಳಿನದು. ಮೊದಲು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ 2016ರ ಸರ್ವೇಕ್ಷಣೆಯಲ್ಲಿ 105.79 ಟಿಎಂಸಿಗೆ ಇಳಿದಿತ್ತು. ಇಪ್ಪತ್ತೈದಕ್ಕೂ ಹೆಚ್ಚು ಟಿಎಂಸಿಯ ಜಾಗವನ್ನು ನುಂಗಿದ್ದು ಮೇಲಿನ ಜಿಲ್ಲೆಗಳ ಹೊಲ ಕಾಡುಗಳಿಂದ ಕೊಚ್ಚಿಬಂದ ಮಣ್ಣು. ಆ ಹೂಳನ್ನು ಎತ್ತಿ ಹೊಲಗಳಿಗೆ ಹಂಚುವ ಮಾತು ಆಗಾಗ ಕೇಳಿಬರುತ್ತದೆ. ಕೆರೆಯ ಗೋಡಿಗೆ ಒಪ್ಪುವ ಈ ಲೆಕ್ಕ ಇಷ್ಟು ದೊಡ್ಡ ರಾಶಿಗೆ, ಸಾಗಣೆಯ ಖರ್ಚು ನೋಡಿದರೆ, ಒಪ್ಪುವುದು ಕಷ್ಟ.

ಮೇವಿನ ನೆಲ

ಈ ಸೀಮೆಯಲ್ಲಿ ದನ ಮೇಯಿಸುವುದು ಬೇಸಾಯದಷ್ಟೇ ಹಳೆಯದು. ಕುಡತಿನಿಯ ಬಳಿಯ ಬೂದಿದಿಬ್ಬ, ಹಂಪಿ ಬಳಿ ನಿಂಬಾಪುರದ ಬೂದಿದಿಬ್ಬಗಳು ನವಶಿಲಾಯುಗದ ದನದೊಡ್ಡಿಗಳಲ್ಲಿ ಸಗಣಿ ಒಟ್ಟಿ ಸುಟ್ಟುದರ ಉಳಿಕೆಗಳೆಂದು ಪುರಾತತ್ತ್ವಜ್ಞರ ಅಭಿಪ್ರಾಯ. ನಿಂಬಾಪುರದ ಬೂದಿಯನ್ನು ವಾಲಿಯ ಚಿತೆಯದೆಂದು ಜನ ನಂಬುತ್ತಾರೆ.

ಮೇವು ಸಿಗುವುದು ಬೇಸಾಯ ಬಿಟ್ಟ ನೆಲದಲ್ಲಿ: ಗುಡ್ಡದ ಇಳಿಜಾರು, ಗರಸು ಮರಡಿ, ಗೋಮಾಳ, ಬಂಡೆಗಳ ಸಂದು. ಮಣ್ಣು ತೆಳುವಾದ್ದರಿಂದ ಹುಲ್ಲಿಗೆ ಆಯುಷ್ಯ ಕಡಿಮೆ. ಜುಲೈಯಿಂದ ಅಕ್ಟೋಬರಿನವರೆಗೆ ಸಂಡೂರಿನ ಗುಡ್ಡ ಹಸಿರು. ಡಿಸೆಂಬರಿನ ಹೊತ್ತಿಗೆ ಹುಲ್ಲು ಬಲಿತು ಒರಟಾಗಿ, ಕೆಲವು ಜಾತಿಯ ಚೂಪು ತೆನೆಗಳು ಕುರಿಯ ಉಣ್ಣೆ, ಚರ್ಮಗಳಿಗೆ ಚುಚ್ಚುತ್ತವೆ. ಅದಕ್ಕೇ ಕುರಿಗಾರರದು ಮಣ್ಣಿಂದ ಮಣ್ಣಿಗೆ ಓಡಾಟದ ಬದುಕು. ಮಳೆಗಾಲದಲ್ಲಿ ಗರಸು ಗುಡ್ಡ, ಏಕೆಂದರೆ ಎರೆಯ ಕೆಸರಿನಲ್ಲಿ ಕುರಿಯ ಗೊರಸು ಕೊಳೆಯುತ್ತದೆ; ಕೊಯ್ಲಾದ ಮೇಲೆ ಎರೆ ಹೊಲದ ಕೂಳೆ; ಬೇಸಗೆಯಲ್ಲಿ ಕಾಲುವೆ ಬದಿ, ಭತ್ತ ಕೊಯ್ದ ಗದ್ದೆ. ರಾತ್ರಿ ಹೊಲದಲ್ಲಿ ಕುರಿ ತರುಬಿಸಿದರೆ ಹೊಲದವನಿಗೆ ಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೆ ಹಣ. ಬಳ್ಳಾರಿ ತಳಿಯ ಕುರಿ ಈ ಅಲೆದಾಟಕ್ಕೆ ಹೊಂದಿಕೊಂಡದ್ದು.

ಸವಳು ನೆಲದಲ್ಲಿ ಹುಲ್ಲಿಗಿಂತ ಬಳ್ಳಾರಿ ಜಾಲಿಯ ಹಾವಳಿ. ಅದರ ಕಾಯಿಯನ್ನು ಆಡು ಕುರಿ ತಿನ್ನುತ್ತವೆ, ಬೀಜ ಹಿಕ್ಕೆಯ ಜೊತೆ ಹೊಸ ನೆಲಕ್ಕೆ ಹೋಗುತ್ತದೆ, ಅಲ್ಲಿನ ಹುಲ್ಲು ಸಾಯುತ್ತದೆ. ಮೇಯುವ ನೆಲ ಕಡಿಮೆಯಾಗಲು ಇನ್ನೂ ಕಾರಣಗಳಿವೆ. 1994ರಲ್ಲಿ ದರೋಜಿ ಕರಡಿಧಾಮ ಘೋಷಣೆಯಾಗಿ ಅಲ್ಲಿನ ಕುರುಚಲು ಗುಡ್ಡಗಳಿಗೆ ಹಿಂಡು ಒಯ್ಯುವುದು ನಿಂತಿತು. ರಸ್ತೆಗೆ, ಮನೆಯ ಅಡಿಪಾಯಕ್ಕೆ ಬೇಕಾದ ಮೊರಂ ತೋಡುವುದೂ ಗೋಮಾಳದಲ್ಲೇ. ಕಟ್ಟಡಕ್ಕೆ ಒದಗುವ ನೆಲವೂ ಕುರಿಗೆ ಒದಗುವ ನೆಲವೂ ಒಂದೇ ಆದಾಗ ಕುರಿಯ ಪರ ವಾದಿಸುವವರು ಕಡಿಮೆ.

ಗಣಿಯ ನೆಲ

ಸಂಡೂರಿನಲ್ಲಿ ಮಣ್ಣಿಗೆ ನಾಲ್ಕನೆಯ ಬಳಕೆಯೊಂದಿದೆ: ಅಗೆದು ಮಾರುವುದು. ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ 1954ರಲ್ಲಿ ಸ್ಥಾಪನೆಯಾಯಿತು. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ದೋಣಿಮಲೆ ಗಣಿ 1977ರಲ್ಲಿ ಕೆಲಸ ಆರಂಭಿಸಿತು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಗುಡ್ಡದ ಬುಡದ ಪಟ್ಟಾ ಹೊಲಗಳಿಗೂ ಅಗೆತ ಇಳಿಯಿತು. ಇಳಿಜಾರಿನಿಂದ ಉರುಳಿಬಂದ ಅದಿರಿನ ಚೂರುಗಳು ಅಲ್ಲಿ ಮೇಲ್ಮಣ್ಣಿನಲ್ಲೇ ಬೆರೆತಿದ್ದವು. ಅವನ್ನು ಹೆಕ್ಕಲು ಹೊಲವನ್ನೇ ಜರಡಿ ಹಿಡಿದರು. ಶೇಂಗಾದ ವರ್ಷಗಳ ಗಳಿಕೆ ಕೆಲವೇ ವಾರಗಳಲ್ಲಿ ಕೈಸೇರಿರಬಹುದು. ಉಳುವ ಪದರ ಮಾತ್ರ ಹೋಯಿತು. ಒಂದು ಅಂಗುಲ ಮೇಲ್ಮಣ್ಣು ಆಗಲು ಶತಮಾನಗಳು ಬೇಕು.

ಅದಿರು ತೆಗೆದುಳಿದ ಕಸಮಣ್ಣಿನ ರಾಶಿಗಳು ಇನ್ನೊಂದು ಸಮಸ್ಯೆ. ಅವುಗಳಲ್ಲಿ ಸಾವಯವ ಅಂಶವೂ ಇಲ್ಲ, ಕಣಗಳ ಹೊಂದಾಣಿಕೆಯೂ ಇಲ್ಲ. ಕಡಿದಾದ ಬದಿಗಳು ಪ್ರತಿ ಮಳೆಗೂ ಕೊಚ್ಚುತ್ತವೆ. ಆ ಕೆಂಪು ರಾಡಿ ನಾರಿಹಳ್ಳಕ್ಕೆ, ಕೆಳಗಿನ ಕೆರೆಗಳಿಗೆ, ಹೊಲಗಳಿಗೆ ಇಳಿದು ಮೇಲ್ಮೈಯಲ್ಲಿ ಹೆಪ್ಪುಗಟ್ಟುತ್ತದೆ. ಬೀಜ ಮೊಳೆತರೂ ತಲೆ ಎತ್ತಲಾರದು. ಲಾರಿ ರಸ್ತೆಯ ಇಕ್ಕೆಲದ ಪೈರುಗಳ ಎಲೆ ದೂಳಿನಿಂದ ಕೆಂಪಾಗುವುದು ಎಲ್ಲರೂ ಕಂಡದ್ದೇ.

ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಂದ 2011ರ ಜುಲೈನಲ್ಲಿಯೇ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಗಣಿಗಳನ್ನು ಮೂರು ವರ್ಗ ಮಾಡಿ, ಅತಿ ಹೆಚ್ಚು ಅಕ್ರಮ ನಡೆದ ಸಿ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್ ತೀರ್ಪಿನಲ್ಲಿ ರದ್ದುಪಡಿಸಿತು. ಉಳಿದವರು ಮತ್ತೆ ಅಗೆಯಬೇಕಾದರೆ ನೆಲದ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಈ ಸೀಮೆಯಲ್ಲಿ ಮಣ್ಣಿನ ಕೊಚ್ಚಣೆ ತಡೆಯುವುದು ನ್ಯಾಯಾಲಯದ ಆದೇಶದ ಭಾಗವಾದದ್ದು ಹೀಗೆ. ಗಣಿಬಾಧಿತ ಪ್ರದೇಶದ ಪರಿಸರ ಸರಿಪಡಿಸಲು ರಾಜ್ಯ 2014ರಲ್ಲಿ ಪ್ರತ್ಯೇಕ ನಿಗಮವನ್ನೂ ರಚಿಸಿತು.

ಪುನಶ್ಚೇತನದ ವಿಧಾನ ಹೀಗಿದೆ: ರಾಶಿಯ ಬುಡಕ್ಕೆ ಕಲ್ಲಿನ ತಡೆಗೋಡೆ, ಬದಿಗಳಿಗೆ ಮೆಟ್ಟಿಲು, ಕೊರಕಲುಗಳಿಗೆ ಕಲ್ಲಿನ ತಡೆ, ಕೆಳಗೆ ಹೂಳು ತುಂಬಿಕೊಳ್ಳಲು ಗುಂಡಿ ಮತ್ತು ಒಡ್ಡು. ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲಿನ ಬೀಜ ಬಿತ್ತಿ, ಗಿಡ ನೆಡುತ್ತಾರೆ. ಚಾಪೆ ಕೆಲವು ಮಳೆಗಾಲಗಳಲ್ಲಿ ಕೊಳೆಯುತ್ತದೆ. ಅಷ್ಟರೊಳಗೆ ಹುಲ್ಲಿನ ಬೇರು ರಾಶಿಯನ್ನು ಹಿಡಿದಿರಬೇಕು. ಹಿಡಿಯುವವರೆಗೆ ಆ ಇಳಿಜಾರುಗಳಿಗೆ ದನಕುರಿ ಬಿಡುವಂತಿಲ್ಲ.